ಕಾಮಿಕ್ಸ್‌ನ ಹುಡುಗಿ ಸತ್ತಳೆಂದು ಮಗ ಊಟ ಬಿಟ್ಟಿದ್ದಾನೆ. ಇಷ್ಟು ಹಚ್ಚಿಕೊಳ್ಳುವುದು ಯಾಕೆ?

ತುಂಗಾತೀರ (ಪ್ರಶ್ನೆ)

ನಮಸ್ಕಾರ. ನನ್ನ ಮಗನಿಗೆ 14 ವರ್ಷ. ಅವನ ಸೋದರಮಾವ ಅಮೆರಿಕದಿಂದ ಬರುವಾಗ ಹಳೆಯ ಸ್ಪೈಡರ್‌ಮ್ಯಾನ್ ಕಥೆಗಳ ಐದಾರು ದಪ್ಪ ಸಂಪುಟ ತಂದುಕೊಟ್ಟರು. ಬೇಸಿಗೆ ರಜೆ ಪೂರ್ತಿ ಅದರಲ್ಲೇ ಮುಳುಗಿದ್ದ. ಮೊನ್ನೆ ಭಾನುವಾರ ಮಧ್ಯಾಹ್ನ ಓದುತ್ತಿದ್ದವನು ಪುಸ್ತಕ ಮುಚ್ಚಿಟ್ಟು ಮುಸುಕು ಹಾಕಿಕೊಂಡು ಮಲಗಿಬಿಟ್ಟ. ರಾತ್ರಿ ಊಟಕ್ಕೂ ಏಳಲಿಲ್ಲ. ಜ್ವರ ಬಂತೇನೋ ಎಂದು ಹಣೆ ಮುಟ್ಟಲು ಹೋದರೆ ದಿಂಬೆಲ್ಲಾ ಒದ್ದೆ. ಏನೋ ಎಂದು ಕೇಳಿದೆ. "ಗ್ವೆನ್ ಸತ್ತೋದ್ಲು ಅಮ್ಮ" ಅಂದ.

ಗ್ವೆನ್ ಸ್ಟೇಸಿ ಅಂತೆ, ಸ್ಪೈಡರ್‌ಮ್ಯಾನ್ ವೇಷ ತೊಡುವ ಪೀಟರ್ ಪಾರ್ಕರ್‌ನ ಗೆಳತಿಯಂತೆ. ಕಥೆ ಬಂದದ್ದು 1973ರಲ್ಲಿ. ಆಗ ನಾನೇ ಹುಟ್ಟಿರಲಿಲ್ಲ! ಸಿಟ್ಟು ಬಂದು, "ಕಾಗದದ ಮೇಲಿನ ಚಿತ್ರಕ್ಕೆ ಯಾರಾದ್ರೂ ಅಳ್ತಾರೇನೋ" ಎಂದು ಗದರಿದೆ. ಅವನು ಗೋಡೆ ಕಡೆ ತಿರುಗಿಕೊಂಡ. ಸೋಮವಾರವೂ ಸರಿಯಾಗಿ ತಿನ್ನಲಿಲ್ಲ. ಆಮೇಲಿಂದ ನನಗೂ ಸಮಾಧಾನ ಇಲ್ಲ. ಯಕ್ಷಗಾನದಲ್ಲಿ ಸೀತೆಯನ್ನು ಕಾಡಿಗೆ ಬಿಡುವಾಗ ಅತ್ತವಳೇ ನಾನು, ಕಥೆಗೆ ಅಳು ಬರುತ್ತದೆ ಎಂದು ನನಗೂ ಗೊತ್ತು. ಆದರೆ ಊಟ ಬಿಡುವಷ್ಟು? ಈ ಸೂಪರ್‌ಹೀರೋಗಳನ್ನು ಯಾಕೆ ಇಷ್ಟು ಹಚ್ಚಿಕೊಳ್ಳುತ್ತಾರೆ? ಭಯಪಡುವಂಥದ್ದು ಏನಾದರೂ ಇದೆಯಾ? ತಿಳಿದವರು ಹೇಳಿ.

ನೇತ್ರಾ_ಮೈಸೂರು

ಭಯ ಬೇಡ ಮೇಡಂ. ನಾನು ಮನಃಶಾಸ್ತ್ರ ಓದಿದವಳು. 1956ರಲ್ಲೇ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಇಂಥ ನಂಟಿಗೆ ಪ್ಯಾರಾಸೋಶಿಯಲ್ ಎಂದು ಹೆಸರಿಟ್ಟರು. ಅವರು ಬರೆದದ್ದು ಟಿವಿ, ರೇಡಿಯೋದವರ ಬಗ್ಗೆ. ಅವರು ನಮಗೆ ಗೊತ್ತು, ನಾವು ಅವರಿಗೆ ಗೊತ್ತಿಲ್ಲ. ಆದರೂ ಮನಸ್ಸು ಅದನ್ನು ಗೆಳೆತನ ಅಂತಲೇ ಹಿಡಿಯುತ್ತದೆ. ಈಗ ಕಥೆಯ ಪಾತ್ರಗಳಿಗೂ ಈ ಮಾತು ಬಳಸುತ್ತಾರೆ. ಎರಡು ದಿನದಲ್ಲಿ ಸರಿ ಹೋಗುತ್ತಾನೆ, ಗದರಬೇಡಿ.

ಹಳೇಪುಸ್ತಕ

ಅಕ್ಕ, ನೇತ್ರಾ ಅವರು ಹೇಳಿದ್ದು ಸರಿ. ಆದರೆ ಆ ಮಾತು ಧಾರಾವಾಹಿಗೂ ಒಪ್ಪುತ್ತದೆ, ಕ್ರಿಕೆಟ್ ಆಟಗಾರರಿಗೂ ಒಪ್ಪುತ್ತದೆ. ಕಾಮಿಕ್ಸ್‌ನಲ್ಲಿ ಇನ್ನೂ ಒಂದು ಇದೆ. ಅದನ್ನು ಹೇಳಬೇಕಾದರೆ ನಿಮ್ಮ ಮಗ ಓದಿದ ಆ ಪುಟಕ್ಕೇ ಹೋಗಬೇಕು.

ಗ್ವೆನ್ ಮೊದಲು ಬಂದದ್ದು 1965ರ ಡಿಸೆಂಬರ್ ಸಂಚಿಕೆಯಲ್ಲಿ. ಸತ್ತದ್ದು 1973ರ ಜೂನ್‌ನಲ್ಲಿ, 121ನೇ ಸಂಚಿಕೆ. ಬರೆದವರು ಜೆರಿ ಕಾನ್ವೇ, ಚಿತ್ರ ಗಿಲ್ ಕೇನ್. ಏಳೂವರೆ ವರ್ಷ ತಿಂಗಳು ತಿಂಗಳು ಕಾದು ಓದಿದವರಿಗೆ ಅವಳು ಪಕ್ಕದ ಮನೆ ಹುಡುಗಿಯಷ್ಟೇ ಪರಿಚಯ. ಆ ಸಂಚಿಕೆಯ ಮೊದಲ ಪುಟದಲ್ಲಿ ಕಥೆಯ ಹೆಸರೇ ಇಲ್ಲ, ಕೊನೆಯ ಪುಟದಲ್ಲಿದೆ. ಮೊದಲೇ ಹಾಕಿದ್ದರೆ ಗುಟ್ಟು ಬಯಲಾಗುತ್ತಿತ್ತು. ಗ್ರೀನ್ ಗಾಬ್ಲಿನ್ ಎಂಬ ಖಳ ಅವಳನ್ನು ಸೇತುವೆ ಮೇಲಿಂದ ಕೆಡವುತ್ತಾನೆ. ಪೀಟರ್ ಬಲೆ ಎಸೆಯುತ್ತಾನೆ. ಅದು ಅವಳ ಕಾಲಿಗೆ ಅಂಟುತ್ತದೆ. ಸಿಕ್ಕಳು! ಖುಷಿಯಿಂದ ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಮಾತಾಡಿಸುತ್ತಾನೆ. ಅವಳು ಮಾತಾಡುವುದಿಲ್ಲ.

ಈಗ ಬಲೆ ಅಂಟಿದ ಚಿತ್ರದ ಚೌಕಕ್ಕೆ ವಾಪಸ್ ಹೋಗಿ. ಅವಳ ಕುತ್ತಿಗೆ ಹತ್ತಿರ ಪುಟ್ಟ ಅಕ್ಷರಗಳಲ್ಲಿ 'ಸ್ನ್ಯಾಪ್' ಎಂದಿದೆ. ಕಡ್ಡಿ ಲಟಕ್ ಅಂದ ಹಾಗೆ. ಮೊದಲ ಸಲ ಓದುವಾಗ ಕಣ್ಣು ಅದನ್ನು ದಾಟಿಬಿಡುತ್ತದೆ. ಬೀಳುವಾಗಲೇ ಸತ್ತಳು ಎಂದು ಗಾಬ್ಲಿನ್ ಹೇಳುತ್ತಾನೆ. ಆದರೆ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಸಂಪಾದಕರ ಕಡೆಯಿಂದಲೇ ಉತ್ತರ ಬಂತು. ಬಲೆ ತಟ್ಟನೆ ತಡೆದಾಗ ಆದ ಜಗ್ಗಿಗೆ ಅವಳ ಕುತ್ತಿಗೆ ಮುರಿಯಿತು. ಉಳಿಸಲು ಹೋದ ಕೈಯಿಂದಲೇ.

ಸಿನಿಮಾ ಆದರೆ ನಾವು ಸುಮ್ನೆ ಕೂತಿದ್ದರೂ ಓಡುತ್ತದೆ. ಕಾಮಿಕ್ಸ್ ಹಾಗಲ್ಲ, ನಾವು ಕಣ್ಣು ಸರಿಸದಿದ್ದರೆ ಅಲ್ಲೇ ನಿಂತಿರುತ್ತದೆ. ಎರಡು ಚೌಕಗಳ ನಡುವೆ ಬಿಳಿ ಜಾಗ ಇದೆಯಲ್ಲ, ಅಲ್ಲಿ ಯಾರೂ ಏನೂ ಬರೆದಿಲ್ಲ. ಬಿದ್ದದ್ದು, ಹಿಡಿದದ್ದು, ಮುರಿದದ್ದು ಎಲ್ಲ ಓದುವವರ ತಲೆಯಲ್ಲೇ ನಡೆಯುವುದು. ಸ್ಕಾಟ್ ಮೆಕ್‌ಕ್ಲೌಡ್ ಎಂಬ ಕಾಮಿಕ್ಸ್ ಕಲಾವಿದರು 1993ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳುತ್ತಾರೆ. ಎತ್ತಿದ ಕೊಡಲಿಯನ್ನು ಬರೆದದ್ದು ತಾನು, ಆದರೆ ಅದನ್ನು ಬೀಳಿಸಿದ್ದು ಓದುಗ ಎಂದು. ನಿಮ್ಮ ಮಗನಿಗೆ ಆಗಿರುವುದು ಅದೇ ಅಂತ ನನಗೆ ಅನಿಸುತ್ತದೆ. ಅವನು ನೋಡಿದ್ದಷ್ಟೇ ಅಲ್ಲ, ಅವನೂ ಅಲ್ಲಿದ್ದ. ಪುಟ ತಿರುಗಿಸಿದ್ದು ಅವನ ಕೈ.

ನನ್ನದೂ ಹೇಳಿಬಿಡುತ್ತೇನೆ. 1995, ನಾನು ಹತ್ತನೇ ಕ್ಲಾಸು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಐದು ರೂಪಾಯಿಗೆ ಒಂದರಂತೆ ಹಳೆ ಕಾಮಿಕ್ಸ್ ಆರಿಸಿ ತರುತ್ತಿದ್ದೆ. ಸಿಕ್ಕಿದ್ದು ಸೀರುಂಡೆ, ನಂಬರ್ ಎಲ್ಲ ಹಿಂದೆ ಮುಂದೆ. ಹಾಗಾಗಿ ಗ್ವೆನ್ ಸತ್ತದ್ದನ್ನು ಮೊದಲು ಓದಿದೆ, ನಕ್ಕಿದ್ದನ್ನು ಆಮೇಲೆ. ಅವಳು ನಗುವ ಪುಟ ಬಂದರೆ ಕೈ ತಾನಾಗಿ ನಿಧಾನ ಆಗುತ್ತಿತ್ತು. ತಿರುಗಿಸಿದಷ್ಟೂ ಸೇತುವೆ ಹತ್ತಿರ ಬರುತ್ತದಲ್ಲ ಅನಿಸುತ್ತಿತ್ತು.

ಅದೇ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಆಟೋ ತರಲು ನಾನು ಓಡಿದೆ. ತಿರುವಿನಲ್ಲಿ ಒಂದೂ ಇರಲಿಲ್ಲ, ಬಸ್ ಸ್ಟ್ಯಾಂಡ್‌ವರೆಗೂ ಹೋಗಬೇಕಾಯಿತು. ಇಪ್ಪತ್ತು ನಿಮಿಷ. ಅಪ್ಪ ಉಳಿಯಲಿಲ್ಲ. ಎಡಕ್ಕೆ ಓಡುವ ಬದಲು ಬಲಕ್ಕೆ ಓಡಿದ್ದರೆ ಎಂದು ಎಷ್ಟೋ ವರ್ಷ ಲೆಕ್ಕ ಹಾಕಿದ್ದೇನೆ. ಮನೆಗೆ ಬಂದವರೆಲ್ಲ "ನಿಂದೇನೂ ತಪ್ಪಿಲ್ಲ ಮಗಾ" ಅಂದರು. ಪೀಟರ್ ಒಬ್ಬ ಹಾಗೆ ಅನ್ನಲಿಲ್ಲ. ಅವನಿಗೂ ಅದೇ ಲೆಕ್ಕ ಇತ್ತು. ಆ ವಯಸ್ಸಿನಲ್ಲಿ ನನ್ನ ಜೊತೆ ಕೂತು ಆ ಲೆಕ್ಕ ಹಾಕಿದವನು ಅವನೊಬ್ಬನೇ.

ಇನ್ನೊಂದು ಸಂಚಿಕೆ ಇದೆ, 33ನೆಯದು, 1966ರ ಫೆಬ್ರವರಿಯದು. ಚಿತ್ರ ಸ್ಟೀವ್ ಡಿಟ್ಕೋ ಅವರದು. ಪೀಟರ್‌ನನ್ನು ಸಾಕಿದ ದೊಡ್ಡಮ್ಮ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅವಳಿಗೆ ಬೇಕಾದ ಔಷಧಿ ಕಣ್ಣೆದುರಿಗೇ ಬಿದ್ದಿದೆ, ಕೈಗೆ ಎಟುಕುವುದಿಲ್ಲ. ಪೀಟರ್ ಮೇಲೆ ದೊಡ್ಡ ಯಂತ್ರ ಕುಸಿದಿದೆ, ಮೇಲಿಂದ ನೀರು ಸೋರುತ್ತಿದೆ. ಪುಟ ತಿರುಗಿಸುತ್ತಾ ಹೋದ ಹಾಗೆ ಚೌಕಗಳು ದೊಡ್ಡದಾಗುತ್ತವೆ. ಕೊನೆಗೆ ಒಂದು ಇಡೀ ಪುಟದಲ್ಲಿ ಅವನು ಅದನ್ನು ಎತ್ತಿಬಿಡುತ್ತಾನೆ. ಅಪ್ಪ ಹೋದ ಮೇಲೆ ಆ ಪುಟಗಳನ್ನು ಎಷ್ಟು ಸಲ ತಿರುಗಿಸಿದ್ದೇನೆ ಎಂದರೆ ಕಾಗದದ ಮೂಲೆ ಹಳೆ ಪಂಚೆಯ ಹಾಗೆ ಮೆತ್ತಗಾಗಿದೆ. ಅಲ್ಲಿ ಔಷಧಿ ಹೊತ್ತಿಗೆ ಸರಿಯಾಗಿ ತಲುಪುತ್ತದೆ.

ಗೋಥಮ್_ಗದಗ

ಹಳೇಪುಸ್ತಕ ಸರ್, ಓದಿ ಗಂಟಲು ಕಟ್ಟಿತು. ಆದರೂ ಒಂದು ಮಾತು. ಎಲ್ಲ ಓದುಗರೂ ಉಳಿಸಲು ನೋಡುವವರಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್ ಕಥೆಯಲ್ಲಿ ಎರಡನೇ ರಾಬಿನ್, ಅಂದರೆ ಬ್ಯಾಟ್‌ಮ್ಯಾನ್ ಜೊತೆಗಿರುವ ಹುಡುಗ ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರಾದ ಡಿಸಿ ಕಂಪನಿ ಓದುಗರನ್ನೇ ಕೇಳಿತು. ಎರಡು ಫೋನ್ ನಂಬರ್, ಒಂದು ಕರೆಗೆ 50 ಸೆಂಟ್. ಸಾಯಲಿ ಎಂದು 5,343 ಕರೆ, ಬದುಕಲಿ ಎಂದು 5,271. ಬರೀ 72 ಕರೆಗಳಿಂದ ಹುಡುಗ ಹೋದ. ಇದನ್ನೂ ಹಚ್ಚಿಕೊಳ್ಳುವುದು ಅನ್ನೋಣವಾ?

ಹಳೇಪುಸ್ತಕ

ಅನ್ನಬೇಕು ಅಂತಲೇ ನನ್ನ ಅನಿಸಿಕೆ. ಏನೂ ಅಲ್ಲದವನಿಗೆ ಯಾರೂ ದುಡ್ಡು ಕೊಟ್ಟು ಫೋನ್ ಮಾಡುವುದಿಲ್ಲ. ನನಗೆ ಕಾಡುವುದು ಮಾತ್ರ ಬದುಕಲಿ ಎಂದು ಕರೆ ಮಾಡಿದವರು. ಅವರಲ್ಲಿ ಇನ್ನು 73 ಜನ ಜಾಸ್ತಿ ಇದ್ದಿದ್ದರೆ? ಅವರೂ ಇವತ್ತಿಗೂ ಲೆಕ್ಕ ಹಾಕುತ್ತಿರುತ್ತಾರೆ.

ತುಂಗಾತೀರ

ಎಲ್ಲರಿಗೂ ವಂದನೆ. ಹಳೇಪುಸ್ತಕ ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿನ್ನೆ ರಾತ್ರಿ ಮಗನ ಪಕ್ಕ ಕೂತು, "ಆ ಪುಟ ನಂಗೂ ತೋರಿಸು" ಅಂದೆ. ಮೊದಲು ಬೇಡ ಅಂದ. ಆಮೇಲೆ ತಾನೇ ಎದ್ದು ತಂದ. ಸೇತುವೆ ತೋರಿಸಿದ, ಬಲೆ ತೋರಿಸಿದ. ಆ ಪುಟ್ಟ ಅಕ್ಷರ ಎಲ್ಲಿದೆ ಎಂದು ನನಗೆ ಸಿಗಲಿಲ್ಲ. ಅವನೇ ಬೆರಳಿಟ್ಟ. ಬೆರಳು ತೆಗೆಯಲೇ ಇಲ್ಲ, ಅದನ್ನು ಮುಚ್ಚಿಯೇ ಇಟ್ಟಿದ್ದ.

"ಕಾಲಿಗೆ ಬದಲು ಸೊಂಟಕ್ಕೆ ಹಾಕಿದ್ರೆ ಉಳೀತಿದ್ಲಾ ಅಮ್ಮ?"

ಗೊತ್ತಿಲ್ಲ ಕಣೋ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಆ ಚಿತ್ರ ನೋಡುತ್ತಾ ಕೂತೆವು. ಆಮೇಲೆ 33ನೇ ಸಂಚಿಕೆ ಯಾವ ಸಂಪುಟದಲ್ಲಿದೆ ಎಂದು ಕೇಳಿದೆ. ಹುಡುಕಲು ಎದ್ದ.