ರೈಲಿನ ಕಿಟಕಿಯಿಂದ ತೆಗೆದ ವಿಡಿಯೊದಲ್ಲಿ ಕಂಬಗಳೆಲ್ಲಾ ವಾಲಿವೆ, ಎಡಿಟಿಂಗ್‌ನಲ್ಲಿ ಸರಿಹೋಗುತ್ತಾ?

ರೈಲುಗಾಡಿ_ಮೈಸೂರು: ನಮ್ಮಮ್ಮನ ತವರು ಮಂಡ್ಯ ಕಡೆ. ಅವರಿಗೆ ತೋರಿಸೋಣ ಅಂತ ಪಾಂಡವಪುರ ದಾಟಿದ ಮೇಲೆ ಫೋನ್ ಅಡ್ಡ ಹಿಡಿದು ಕಬ್ಬಿನ ಗದ್ದೆ ಶೂಟ್ ಮಾಡಿದೆ. ನೋಡಿದರೆ ಹಳಿ ಪಕ್ಕದ ಕರೆಂಟ್ ಕಂಬಗಳೆಲ್ಲಾ ರೈಲು ಹೋಗುವ ಕಡೆಗೇ ವಾಲಿಕೊಂಡಿವೆ. ಕಿಟಕಿ ಸರಳು ಮಾತ್ರ ನೆಟ್ಟಗಿದೆ. ಪ್ರೀಮಿಯರ್ ಪ್ರೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದಾ?

ಸಕ್ಕರೆನಾಡು: ಶಟರ್ ಸ್ಪೀಡ್ ಕಡಿಮೆ ಆಗಿರಬೇಕು. 1/1000 ಸೆಕೆಂಡ್ ಇಟ್ಟು ಇನ್ನೊಂದು ಸಲ ತೆಗೆಯಿರಿ.

ಚಾಮುಂಡಿ_ಕ್ಲಿಕ್ಸ್: ಇಲ್ಲ ಅಣ್ಣ, ಅದರಿಂದ ಮಸುಕು ಹೋಗುತ್ತದೆ, ವಾಲಿದ್ದು ಹಾಗೇ ಇರುತ್ತದೆ, ಇನ್ನೂ ಎದ್ದು ಕಾಣುತ್ತದೆ ಬೇಕಾದರೆ. ಇದು ರೋಲಿಂಗ್ ಶಟರ್. ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತಾ ಬರುತ್ತದೆ. ಅದಕ್ಕೆ 20 ಮಿಲಿಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ರೈಲು ಗಂಟೆಗೆ 100 ಕಿ.ಮೀ. ಓಡುತ್ತಿದ್ದರೆ ಅಷ್ಟರಲ್ಲೇ ಅರ್ಧ ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಕಂಬದ ತಲೆ ಓದುವಾಗ ನೀವಿದ್ದ ಜಾಗ ಬೇರೆ, ಬುಡ ಓದುವಾಗ ಬೇರೆ. ಸರಳು ನಿಮ್ಮ ಜೊತೆಗೇ ಓಡುತ್ತಿದೆ, ಅದಕ್ಕೇ ನೆಟ್ಟಗಿದೆ.

ಸಕ್ಕರೆನಾಡು: ಸರಿ, ಒಪ್ಪಿದೆ. ಹಾಗಾದರೆ ವಿಡಿಯೊ ಅಲುಗಾಟ ತೆಗೆಯುವ ಗೈರೋಫ್ಲೋ ಸಾಫ್ಟ್‌ವೇರ್ ಹಾಕಲಿ. ಪುಕ್ಕಟೆ ಸಿಗುತ್ತದೆ, ರೋಲಿಂಗ್ ಶಟರ್ ಕೂಡ ತೆಗೆಯುತ್ತದೆ. ನನ್ನ ಬೈಕ್ ವಿಡಿಯೊಗೆ ಅದೇ.

ಎಡಿಟಿಂಗ್_ಟೇಬಲ್: ಬೈಕ್‌ಗೆ ಚೆನ್ನಾಗಿದೆ, ಇಲ್ಲಿ ಉಪಯೋಗವಿಲ್ಲ. ಅದು ನಂಬುವುದು ಗೈರೋವನ್ನು, ಅಂದರೆ ಕ್ಯಾಮೆರಾ ತಿರುಗುವುದನ್ನು ಅಳೆಯುವ ಸೆನ್ಸರ್. ಗೈರೋಗೆ ಗೊತ್ತಾಗುವುದು ಕ್ಯಾಮೆರಾ ಎಷ್ಟು ತಿರುಗಿತು ಅನ್ನುವುದು ಮಾತ್ರ. ನೆಟ್ಟಗೆ ಓಡುವ ರೈಲಿನಲ್ಲಿ ಕ್ಯಾಮೆರಾ ತಿರುಗುತ್ತಲೇ ಇಲ್ಲ, ಅದರ ಲೆಕ್ಕದಲ್ಲಿ ನೀವು ಸುಮ್ನೆ ಕೂತಿದ್ದೀರಿ. ಅಲ್ಲದೆ ಹತ್ತಿರದ ಕಂಬ ಜಾಸ್ತಿ ವಾಲುತ್ತದೆ, ದೂರದ ಊರಿನ ನೀರಿನ ಟ್ಯಾಂಕ್ ವಾಲಿದ್ದೇ ಗೊತ್ತಾಗುವುದಿಲ್ಲ. ಇಡೀ ಚಿತ್ರವನ್ನು ಒಂದೇ ಅಳತೆಗೆ ಓರೆ ಮಾಡಿದರೆ ಕಂಬ ನಿಲ್ಲುತ್ತದೆ, ಟ್ಯಾಂಕ್ ಬೀಳುತ್ತದೆ.

ಪ್ರೀಮಿಯರ್‌ನಲ್ಲಿ ರೋಲಿಂಗ್ ಶಟರ್ ರಿಪೇರ್ ಎಫೆಕ್ಟ್ ಹಾಕಿ. ಮೆಥಡ್ ಅಲ್ಲಿ ವಾರ್ಪ್ ಬಿಟ್ಟು ಪಿಕ್ಸೆಲ್ ಮೋಷನ್ ಆರಿಸಿ. ವಾರ್ಪ್ ಅಲ್ಲೊಂದು ಇಲ್ಲೊಂದು ಗುರುತು ಹಿಡಿದು ಚಿತ್ರ ಬಗ್ಗಿಸುತ್ತದೆ, ಪಿಕ್ಸೆಲ್ ಮೋಷನ್ ಒಂದೊಂದು ಚುಕ್ಕೆ ಎತ್ತ ಸರಿಯಿತು ಅಂತ ನೋಡುತ್ತದೆ. ರೇಟ್ ಅನ್ನುವುದು ಒಂದು ಫ್ರೇಮಿನ ಹೊತ್ತಿನಲ್ಲಿ ಓದುವುದಕ್ಕೆ ಎಷ್ಟು ಪಾಲು ಹಿಡಿಯಿತು ಅನ್ನುವ ಲೆಕ್ಕ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದಕ್ಕೆ 40 ಮಿಲಿಸೆಕೆಂಡ್, 20 ಹಿಡಿದರೆ 50%. ನಿಮ್ಮ ಫೋನಿನದು ಗೊತ್ತಿಲ್ಲದಿದ್ದರೆ ಒಂದು ಕಂಬವನ್ನೇ ನೋಡುತ್ತಾ ಏರಿಸುತ್ತಾ ಹೋಗಿ. ಅಲುಗಾಟ ತೆಗೆಯುವ ಸ್ಟೆಬಿಲೈಸರ್ ಬೇಕಿದ್ದರೆ ಆಮೇಲೆ, ಮೊದಲು ಇದೇ.

ಚಾಮುಂಡಿ_ಕ್ಲಿಕ್ಸ್: ಆದರೆ ಸರ್, ಸರಳಿನ ಅಂಚಿನಲ್ಲಿ ಪಿಕ್ಸೆಲ್ ಮೋಷನ್ ಕಲಸಿ ಹಾಕುತ್ತದೆ. ಒಂದು ನಿಂತಿದೆ, ಪಕ್ಕದ್ದು ಓಡುತ್ತಿದೆ, ಅದಕ್ಕೆ ಎರಡೂ ಅಂಟಿಕೊಂಡ ಹಾಗೆ. ನಾನು ಹೀಗಿದ್ದನ್ನು ಬಳಸುವುದೇ ಇಲ್ಲ, ಸರಳು ಬಾರದ ಹಾಗೆ ಮತ್ತೆ ಶೂಟ್ ಮಾಡುತ್ತೇನೆ.

ಎಡಿಟಿಂಗ್_ಟೇಬಲ್: ಅಮ್ಮನಿಗೋಸ್ಕರ ತೆಗೆದದ್ದು, ಮತ್ತೆ ಯಾಕೆ? ಕ್ಲಿಪ್ ಎರಡು ಟ್ರ್ಯಾಕ್‌ನಲ್ಲಿ ಇಡಿ. ಕೆಳಗಿನದಕ್ಕೆ ಎಫೆಕ್ಟ್. ಮೇಲಿನದು ಮೂಲದ್ದೇ ಇರಲಿ, ಅದರಲ್ಲಿ ಸರಳಿನ ಸುತ್ತ ಮಾತ್ರ ಮಾಸ್ಕ್ ಬರೆಯಿರಿ, ಆಗ ಮೇಲಿನದರಲ್ಲಿ ಸರಳಷ್ಟೇ ಕಾಣುತ್ತದೆ.

ರೈಲುಗಾಡಿ_ಮೈಸೂರು: ಮಾಡಿದೆ ಸರ್! 50ರಲ್ಲಿ ಸ್ವಲ್ಪ ವಾಲಿತ್ತು, 65ಕ್ಕೆ ಕಂಬ ನೆಟ್ಟಗೆ ನಿಂತಿತು. ಟ್ಯಾಂಕ್ ಕೂಡ ಹಾಗೇ ಇದೆ. ಮಾಸ್ಕ್‌ನಿಂದ ಸರಳು ಉಳಿಯಿತು. ಕಂಬಕ್ಕೆ ತಂತಿ ಸೇರುವ ಕಡೆ ಮಾತ್ರ ಒಂದು ಜಾಗದಲ್ಲಿ ಚೂರಾಗಿ ನಡುಗುತ್ತಿದೆ, ಆ 4 ಸೆಕೆಂಡ್ ಕತ್ತರಿಸಿದ್ದೇನೆ.