.405ರ ಗುಂಡಿಗೆ .411ರ ಗುಂಡು? ತುರ್ತಾಗಿ ಪದ ಬೇಕು

ಬೆಂಗಳೂರಿನಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಬರೆದವರು ಅಮೆರಿಕದಲ್ಲಿರುವ ಕನ್ನಡಿಗರು. ಬೇಟೆಯ ಕಥೆಗಳನ್ನು ಬರೆದ ನಮ್ಮ ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ಹಿಡಿಯುತ್ತಿದ್ದದ್ದು 1895ರ ಮಾದರಿಯ ವಿಂಚೆಸ್ಟರ್ ರೈಫಲ್, .405 ಕ್ಯಾಲಿಬರಿನದು. ಅಂಥದ್ದೇ ಹಳೆಯದೊಂದನ್ನು ಇವರು ಅಲ್ಲಿ ಕೊಂಡಿದ್ದಾರೆ. ಅದಕ್ಕೆ ಗುಂಡು ಆರಿಸುವುದು ಹೇಗೆ, ಮನೆಯಲ್ಲೇ ತುಂಬಿಕೊಳ್ಳುವುದು ಹೇಗೆ ಅನ್ನುವುದೇ ಲೇಖನ.

ನನ್ನ ತೊಂದರೆ ಇದು. ಬುಲೆಟ್ ಅಂದರೆ ನಳಿಗೆಯಿಂದ ಹಾರಿಹೋಗುವ ತುಂಡು ಮಾತ್ರ; ಕಾರ್ಟ್ರಿಜ್ ಅಥವಾ ರೌಂಡ್ ಅಂದರೆ ಬುಲೆಟ್, ಮದ್ದು ಎಲ್ಲ ಸೇರಿದ್ದು. ಮೂರಕ್ಕೂ ಪತ್ರಿಕೆಗಳಲ್ಲಿ ‘ಗುಂಡು’ ಅಂತಲೇ ಬರುತ್ತದೆ. ಅದನ್ನೇ ಹಿಡಿದು ಹೊರಟರೆ ಮೂರನೇ ಪ್ಯಾರಾದಲ್ಲಿ ‘.405 ಗುಂಡಿಗೆ .411 ಗುಂಡು ಹಾಕಬೇಕು’ ಅಂತ ಬರೆಯಬೇಕಾಗುತ್ತದೆ. ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ಬುಲೆಟ್, ಕಾರ್ಟ್ರಿಜ್, ಅದರ ಕೊಳವೆಯಾದ ಕೇಸ್, ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಕೇಸಿನ ಬಾಯನ್ನು ಬುಲೆಟ್ಟಿಗೆ ಬಿಗಿಯುವ ಕ್ರಿಂಪ್, ಮನೆಯಲ್ಲೇ ತುಂಬಿಕೊಳ್ಳುವ ಹ್ಯಾಂಡ್‌ಲೋಡಿಂಗ್, ಇಷ್ಟಕ್ಕೆ ಪದ ಬೇಕು. ದಯವಿಟ್ಟು ಬೇಗ ಹೇಳಿ.

ಧಾರವಾಡದಿಂದ:

ಬುಲೆಟ್: ಪ್ರಕ್ಷೇಪಕ. ಪ್ರೈಮರ್: ಪ್ರಜ್ವಾಲಕ. ಹ್ಯಾಂಡ್‌ಲೋಡಿಂಗ್: ಹಸ್ತಪೂರಣ. ಶಾಸ್ತ್ರದ ವಿಷಯಕ್ಕೆ ಶಾಸ್ತ್ರದ ಭಾಷೆಯೇ ಸರಿ.

ಶಿವಮೊಗ್ಗದಿಂದ:

ಸಂಸ್ಕೃತದ ಹೊರೆ ಸಾಕು. ಕನ್ನಡದಲ್ಲೇ ಕಟ್ಟಬಹುದು. ಬುಲೆಟ್ಟಿಗೆ ‘ಚಿಮ್ಮುಗುಂಡು’, ಕೇಸಿಗೆ ‘ಸಿಡಿಗೊಳವೆ’, ಪ್ರೈಮರಿಗೆ ‘ಕಿಡಿಬೊಟ್ಟು’, ಹ್ಯಾಂಡ್‌ಲೋಡಿಂಗಿಗೆ ‘ಕೈತುಂಬಿಕೆ’. ಕಾರ್ಟ್ರಿಜ್‌ಗೆ ನಮ್ಮದೇ ‘ಕಾಡತೂಸು’ ಇದೆ. ಕಾಡಿನಲ್ಲಿ ಬಳಸುವುದಕ್ಕೆ ಆ ಹೆಸರು. ಇದಕ್ಕಿಂತ ಅಚ್ಚ ಪದ ಬೇಕೇ?

ಮಂಗಳೂರಿನಿಂದ:

ಕಾಡತೂಸಿನಲ್ಲಿ ಕಾಡೂ ಇಲ್ಲ, ತೂಸೂ ಇಲ್ಲ. ಪೋರ್ಚುಗೀಸಿನ ‘ಕಾರ್ತೂಶು’ ಉತ್ತರದಲ್ಲಿ ಕಾರತೂಸ್ ಆಯಿತು, ನಮ್ಮಲ್ಲಿ ಕಾಡತೂಸು ಆಯಿತು. ಮೂಲದಲ್ಲಿ ಕಾಗದದ ಸುರುಳಿ ಅಂತ ಅರ್ಥ. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿಡುತ್ತಿದ್ದ ಕಾಲದ ಮಾತು. ಕಿವಿಗೆ ಕೇಳಿಸಿದ್ದನ್ನೆಲ್ಲ ಒಡೆದು ನಮ್ಮದು ಅನ್ನಬೇಡಿ.

ಸೋಮವಾರಪೇಟೆ ಕಡೆಯಿಂದ:

ಹೊಸ ಪದ ಕಟ್ಟುವ ಮೊದಲು ಮನೆಯಲ್ಲಿ ಕೋವಿ ಇಟ್ಟುಕೊಂಡವರ ಬಾಯಲ್ಲಿ ಏನಿದೆ ಅಂತ ಕೇಳಬೇಕು ಅಲ್ವಾ? ಇಲ್ಲಿ ಯಾರೂ ಕೇಳಲಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿ ಎರಡು ಬಗೆ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿಯುತ್ತಾರೆ. ತೆಂಗಿನ ಕತ್ತ ತುರುಕಿ ಗಜದಲ್ಲಿ, ಅಂದರೆ ಉದ್ದನೆಯ ಕೋಲಿನಲ್ಲಿ, ಜಡಿಯುತ್ತಾರೆ. ಮೇಲೆ ಸಣ್ಣ ಕಾಳಿನಂಥ ಚರೆಯನ್ನೋ ಗುಂಡನ್ನೋ ಹಾಕಿ ಮತ್ತೆ ಕತ್ತ ಜಡಿಯುತ್ತಾರೆ. ಕೊನೆಗೆ ಹಿಂದುಗಡೆ ಕೇಪು ಇಡುತ್ತಾರೆ. ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಂದು ಕೇಪಿಗೆ ಬಡಿದರೆ ಕಿಡಿ ಹೋಗಿ ಮದ್ದು ಹೊತ್ತುತ್ತದೆ. ತೋಟೆ ಕೋವಿಯಲ್ಲಿ ಇದೆಲ್ಲ ಒಂದೇ ಕೊಳವೆಯೊಳಗೆ ಮೊದಲೇ ಕೂತಿರುತ್ತದೆ. ಹಾಗಾಗಿ ಕೇಪು ಬೇರೆ, ಮದ್ದು ಬೇರೆ, ಗುಂಡು ಬೇರೆ. ಎಲ್ಲ ಸೇರಿದ್ದು ತೋಟೆ. ಸುಟ್ಟ ಮೇಲೆ ಉಳಿಯುವುದು ಖಾಲಿ ತೋಟೆ. ನಿಮಗೆ ಬೇಕಾದ ಪದಗಳೆಲ್ಲ ಇಲ್ಲೇ ಇವೆ, ಮೇಡಂ. ಪ್ರೈಮರ್ ಅಂದರೆ ಕೇಪೇ.

ಪತ್ರಿಕೆಗಳು ಇದನ್ನು ಕೆಡಿಸಿವೆ. ‘ಐದು ಜೀವಂತ ಗುಂಡು ವಶ’ ಅಂತ ಬರೆಯುತ್ತಾರೆ. ಗುಂಡು ಒಂದು ಸೀಸದ ತುಂಡು, ಅದಕ್ಕೆ ಎಲ್ಲಿಯ ಜೀವ? ‘ತುಂಬಿದ ತೋಟೆ’ ಅನ್ನಬೇಕು. ವಾರ್ತೆಯಲ್ಲಿ ಹೇಗೋ ನಡೆದೀತು, ನಿಮ್ಮ ಲೇಖನದಲ್ಲಿ ನಡೆಯುವುದಿಲ್ಲ. ಅದನ್ನು ಓದಿ ಯಾರಾದರೂ ಕೈಯಿಟ್ಟು ಕೆಲಸ ಮಾಡುತ್ತಾರೆ.

.405 ಅನ್ನುವುದು ತೋಟೆಯ ಹೆಸರು. 1904ರಲ್ಲಿ ಬಂತು. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಬೇಟೆಗೆ ಒಯ್ದದ್ದರಲ್ಲಿ ಇದೂ ಇತ್ತು. ಇದರ ಗುಂಡಿನ ತೂಕ 300 ಗ್ರೇನ್, ಅಡ್ಡಳತೆ .411 ಇಂಚು. ಹೆಸರೇ ಅಳತೆ ಅಂದುಕೊಂಡು .405 ಇಂಚಿನ ಗುಂಡು ಹುಡುಕಿ ತಂದರೆ ಅದು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಗುರಿ ಎಲ್ಲೋ, ಗುಂಡು ಎಲ್ಲೋ. ‘ಹತ್ತಿರದ್ದು ಸಿಕ್ಕಿತು’ ಅಂತ .416ರದ್ದು ತಂದರೆ ಇನ್ನೂ ಕೆಟ್ಟದ್ದು. ದಪ್ಪ ಗುಂಡು ಬಿಗಿದು ಒತ್ತಡ ಏರುತ್ತದೆ. ಈಗ ನಿಮ್ಮ ವಾಕ್ಯ ಬರೆದು ನೋಡಿ: ‘.405 ತೋಟೆಗೆ .411 ಇಂಚಿನ ಗುಂಡು ಬೇಕು’. ಎಲ್ಲಿದೆ ಗೊಂದಲ?

ಇದಕ್ಕೂ ಮೇಲೆ, ಹಳೆಯ ರೈಫಲ್ ಅಂದ ಮೇಲೆ ಪುಸ್ತಕದ ಅಳತೆಯನ್ನು ನಂಬಿ ಕೂರುವಂತಿಲ್ಲ. ನೂರು ವರ್ಷ ತಿಕ್ಕಿದ ನಳಿಗೆ ಒಂದೊಂದೂ ಒಂದೊಂದು ಥರ. ಮೊದಲು ಕೋವಿಯಲ್ಲಿ ತೋಟೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಮೆತ್ತನೆಯ ಸೀಸದ ಗುಂಡೊಂದಕ್ಕೆ ಎಣ್ಣೆ ಸವರಿ ನಳಿಗೆಯ ಬಾಯಲ್ಲಿ ಇಟ್ಟು, ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ಆ ಕಡೆಗೆ ದಾಟಿಸುತ್ತಾರೆ. ಹೊರಗೆ ಬಿದ್ದ ಸೀಸದ ಮೈಮೇಲೆ ಗೀರಿನ ಅಚ್ಚು ಏಣು ಏಣಾಗಿ ಎದ್ದಿರುತ್ತದೆ. ಎದುರು ಬದುರು ಏಣುಗಳಿಗೆ ಮೈಕ್ರೋಮೀಟರ್ ಹಿಡಿದರೆ ಆ ನಳಿಗೆಯ ನಿಜವಾದ ಅಳತೆ ಸಿಗುತ್ತದೆ. ಸೀಸ, ತವರ, ಆಂಟಿಮನಿ ಬೆರೆಸಿ ಅಚ್ಚಿಗೆ ಹೊಯ್ದ ಗುಂಡಾದರೆ ಆ ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಇಟ್ಟುಕೊಳ್ಳುತ್ತಾರೆ. ಅದಕ್ಕೆ ‘ಎರಕದ ಗುಂಡು’ ಅನ್ನಿ. ಸೀಸದ ಮೇಲೆ ತಾಮ್ರ ಹೊದಿಸಿದ್ದಕ್ಕೆ ‘ತಾಮ್ರದ ಹೊದಿಕೆಯ ಗುಂಡು’ ಸಾಕು.

ಹ್ಯಾಂಡ್‌ಲೋಡಿಂಗಿಗೆ ‘ತೋಟೆ ತುಂಬುವುದು’. ‘ಈಡು ಮಾಡು’ ಅಂತ ಯಾರಾದರೂ ಸೂಚಿಸಿದರೆ ತೆಗೆದುಕೊಳ್ಳಬೇಡಿ. ಅದು ಕೋವಿಗೆ ಹೇಳುವ ಮಾತು, ತೋಟೆಗಲ್ಲ.

ಕಲಬುರಗಿಯಿಂದ:

ನಮ್ಮ ಕಡೆ ಕೋವಿ ತುಂಬುವುದಕ್ಕೆ ‘ಬಾರು ಮಾಡು’, ಹೊಡೆಯುವುದಕ್ಕೆ ‘ಬಾರು ಹಾರಿಸು’. ‘ಈಡು’ ಅಂದರೆ ಹೋಲಿಕೆ. ‘ಈಡಾಗು’ ಅಂದರೆ ಗುರಿಯಾಗು. ಮಲೆನಾಡಿನ ಮಾತೇ ಕನ್ನಡ ಅನ್ನಬೇಡಿ.

ಸೋಮವಾರಪೇಟೆ ಕಡೆಯಿಂದ:

ನಾನು ಈಡು ಬೇಡ ಅಂತಲೇ ಹೇಳಿದ್ದು. ಓದಿ ಉತ್ತರಿಸಿ.

ವಿರಾಜಪೇಟೆಯಿಂದ:

ಕೊಡವ ತಕ್ಕಿನಲ್ಲಿ ಕೋವಿ ‘ತೋಕ್’, ಹೊಡೆತ ‘ಬೊಡಿ’. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಬೊಡಿ ಇಡುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಬೊಡಿ, ಸಾವಾದರೆ ಎರಡು. ಕನ್ನಡದ ಲೇಖನಕ್ಕೆ ಇದು ಬೇಕಿಲ್ಲ. ಆದರೆ ಗುಂಡು ಬೇರೆ, ತೋಟೆ ಬೇರೆ ಅನ್ನುವುದು ನಮ್ಮಲ್ಲೂ ಹಾಗೇ. ಸೋಮವಾರಪೇಟೆಯವರ ಮಾತು ಸರಿ.

ಮೈಸೂರಿನಿಂದ:

ಗ್ರೇನ್ ಅನ್ನು ಯಾಕೆ ಹಾಗೇ ಬಿಟ್ಟಿದ್ದೀರಿ? ನಮ್ಮಲ್ಲಿ ‘ಗುಲಗಂಜಿ ತೂಕ’ ಅಂತ ಅಂದವಾದ ಮಾತಿದೆ. ಅದೂ ಒಂದು ಕಾಳು, ಇದೂ ಒಂದು ಕಾಳು.

ಸೋಮವಾರಪೇಟೆ ಕಡೆಯಿಂದ:

ದಯವಿಟ್ಟು ಬೇಡ. ಇದು ಅಂದದ ವಿಷಯ ಅಲ್ಲ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಗುಲಗಂಜಿ ಸುಮಾರು 120 ಮಿಲಿಗ್ರಾಂ, ಹತ್ತಿರ ಹತ್ತಿರ ಎರಡರಷ್ಟು. ಗುಂಡಿನ ತೂಕವನ್ನೂ ಮದ್ದಿನ ತೂಕವನ್ನೂ ಗ್ರೇನಿನಲ್ಲೇ ಹೇಳುತ್ತಾರೆ. ನೀವು ಹೇಳಿದ ಪದ ಹಾಕಿ, ಯಾರೋ ಅದನ್ನು ನಂಬಿ ಮದ್ದು ತೂಗಿದರೆ ಎರಡರಷ್ಟು ಮದ್ದು ಬೀಳುತ್ತದೆ. ರೈಫಲ್ ಒಡೆದು ಮುಖಕ್ಕೆ ಬರುತ್ತದೆ. ಗ್ರೇನ್ ಗ್ರೇನಾಗಿಯೇ ಇರಲಿ. ಒಮ್ಮೆ ‘300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ’ ಅಂತ ಬರೆದರೆ ಸಾಕು.

ತೂಕದ ಮಾತು ಬಂದದ್ದರಿಂದ ಇನ್ನೊಂದು ಸೇರಿಸುತ್ತೇನೆ. ಬೇಟೆಗಾರ ಜಿಮ್ ಕಾರ್ಬೆಟ್ ಹಿಡಿದಿದ್ದ ಜೆಫ್ರಿ ಕಂಪನಿಯ ಜೋಡುನಳಿಗೆ ರೈಫಲ್ .450/400ರದು. 450ರ ತೋಟೆಯ ಕತ್ತು ಕಿರಿದು ಮಾಡಿ 400ಕ್ಕೆ ಇಳಿಸಿದ್ದು ಅಂತ ಆ ಎರಡು ಅಂಕಿಗಳ ಅರ್ಥ. ಅದರಲ್ಲಿ 3 ಇಂಚು ಉದ್ದದ ತೋಟೆಗೆ ಹಾಕುವ ಗುಂಡೂ .410, .411ರ ಆಸುಪಾಸಿನದೇ. ಆದರೆ 400 ಗ್ರೇನ್. ಅಡ್ಡಳತೆ ಒಂದೇ ಅಂತ ಅದನ್ನು ತಂದು, 300 ಗ್ರೇನ್ ಗುಂಡಿಗೆ ಅಂತ ಹೇಳಿದಷ್ಟೇ ಮದ್ದಿನ ಮೇಲೆ ಕೂರಿಸಬಾರದು. ಗುಂಡು ಭಾರವಾದರೆ ಒತ್ತಡ ಏರುತ್ತದೆ. ಮೂಲ ಲೇಖನದಲ್ಲಿ ಈ ಎಚ್ಚರಿಕೆ ಇದ್ದರೆ ಒಂದು ಅಕ್ಷರವನ್ನೂ ಬಿಡದೆ ತನ್ನಿ.

ಶಿವಮೊಗ್ಗದಿಂದ:

ಎಚ್ಚರಿಕೆಯ ಹೆಸರಲ್ಲಿ ಎಲ್ಲ ಎರವಲೂ ಒಳಗೆ ಬಂತು. ತೋಟೆ ಉರ್ದುವಿನ ‘ಟೋಟಾ’. ಕೇಪು ಇಂಗ್ಲಿಷು. ಗ್ರೇನ್ ಇಂಗ್ಲಿಷು. ಹೀಗೇ ಆದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಕಟ್ಟುವ ಕಸುವು ಇದ್ದೂ ಕಟ್ಟದಿರುವುದು ಸೋಮಾರಿತನ.

ಮಂಗಳೂರಿನಿಂದ:

ಕೋವಿ ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು. ತಂದವರು ಹೆಸರನ್ನೂ ತಂದರು. ಬಂದೂಕು ಅರಬ್ಬಿಯದು, ತುಪಾಕಿ ತುರ್ಕಿಯದು, ಕಾಡತೂಸು ಪೋರ್ಚುಗೀಸರದು. ಹಾಗಂತ ಜನ ಕೈಕಟ್ಟಿ ಕೂರಲಿಲ್ಲ. ಮದ್ದು, ಗುಂಡು, ಚರೆ, ನಳಿಗೆ, ಕುದುರೆ ಅಂತ ಮನೆಯಲ್ಲಿದ್ದ ಮಾತನ್ನೇ ಎತ್ತಿ ಕೊಟ್ಟರು. ಕೊಳವೆಗೆ ಹೇಳುವ ‘ಕೋವಿ’ಯನ್ನೇ ಬಂದೂಕಿಗೂ ಹೇಳಿದರು. ಯಾವುದನ್ನು ಕಟ್ಟಬೇಕು, ಯಾವುದನ್ನು ಹಾಗೇ ತೆಗೆದುಕೊಳ್ಳಬೇಕು ಅಂತ ಅವರೇ ನಿರ್ಧಾರ ಮಾಡಿ ಎಷ್ಟೋ ಕಾಲವಾಯಿತು. ನಿಮ್ಮ ‘ಕಿಡಿಬೊಟ್ಟು’ ಕೆಟ್ಟ ಪದ ಅಂತಲ್ಲ. ಆದರೆ ಕೇಪಿನ ಕೋವಿ ಇಟ್ಟುಕೊಂಡ ರೈತನಿಗೆ ‘ಕೇಪು’ ಅವನ ಅಜ್ಜನಿಂದ ಬಂದ ಮಾತು. ಅದನ್ನು ಕಿತ್ತು ಬೇರೆ ಕೊಡುವ ಹಕ್ಕು ನಮಗೆ ಯಾರು ಕೊಟ್ಟರು?

ಧಾರವಾಡದಿಂದ:

ಗ್ರಾಮ್ಯ ಬೇರೆ, ಗ್ರಂಥಸ್ಥ ಬೇರೆ. ‘ಪ್ರಕ್ಷೇಪಕ’ದ ಬಗ್ಗೆ ಯಾರೂ ಉತ್ತರಿಸಲಿಲ್ಲ.

ಸೋಮವಾರಪೇಟೆ ಕಡೆಯಿಂದ:

ಕಲ್ಲು, ಈಟಿ, ಕ್ಷಿಪಣಿ ಎಲ್ಲವೂ ಪ್ರಕ್ಷೇಪಕವೇ. ಬೇಡ.

ಬೆಂಗಳೂರಿನಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಂಡು, ತೋಟೆ, ಖಾಲಿ ತೋಟೆ, ಮದ್ದು, ಕೇಪು, ತೋಟೆ ತುಂಬುವುದು, ಇಷ್ಟು ಇಟ್ಟುಕೊಳ್ಳುತ್ತೇನೆ. ಇನ್ನೆರಡು ಉಳಿದಿವೆ. ಒಂದು, ಕ್ರಿಂಪ್. ಎರಡು, ನಮ್ಮ ಸಂಪಾದಕರು ‘ತೋಟೆ’ ಹಳ್ಳಿ ಮಾತು, ‘ತೋಟಾ’ ಅಂತ ಮಾಡಿ ಅನ್ನುತ್ತಿದ್ದಾರೆ.

ಸೋಮವಾರಪೇಟೆ ಕಡೆಯಿಂದ:

ಎರಡನೆಯದು ಮೊದಲು. ‘ತೋಟಾ’ ತಪ್ಪಲ್ಲ, ತುಂಬಾ ಜನ ಹಾಗೇ ಅನ್ನುತ್ತಾರೆ. ಆದರೆ ಪ್ರತ್ಯಯ ಹತ್ತಿಸಿ ನೋಡಿ. ತೋಟಾಕ್ಕೆ, ತೋಟಾದ, ತೋಟಾದಲ್ಲಿ. ಅಚ್ಚಿನಲ್ಲಿ ಒಂದು ದೀರ್ಘ ಬಿದ್ದುಹೋದರೆ ತೋಟಕ್ಕೆ, ತೋಟದ, ತೋಟದಲ್ಲಿ ಆಗುತ್ತದೆ. ನಮ್ಮೂರಿನಲ್ಲಿ ತೋಟ ಅಂದರೆ ಕಾಫಿ ತೋಟ. ‘ತೋಟದಲ್ಲಿ ಮದ್ದು ಹಾಕಿದರು’ ಅಂದರೆ ಕಾಫಿ ಗಿಡಕ್ಕೆ ಔಷಧಿ ಹೊಡೆದರು ಅಂತಲೇ ಓದುತ್ತಾರೆ. ತೋಟೆಗೆ, ತೋಟೆಯ, ತೋಟೆಯಲ್ಲಿ ಅಂತ ಬರೆದರೆ ಆ ಭಯ ಇಲ್ಲ. ಸಂಪಾದಕರಿಗೆ ಹೀಗೇ ಹೇಳಿ.

ಕ್ರಿಂಪಿಗೆ ನಾಮಪದ ಹುಡುಕಬೇಡಿ, ಕ್ರಿಯಾಪದದಲ್ಲಿ ಹೇಳಿ. ‘ತೋಟೆಯ ಬಾಯನ್ನು ಗುಂಡಿಗೆ ಕಚ್ಚಿಸುವುದು’. ಗುಂಡಿನ ಸೊಂಟದಲ್ಲಿ ಒಂದು ಗೀರು ಇರುತ್ತದಲ್ಲ, ಬಾಯಿ ಅಲ್ಲಿಗೆ ಸರಿಯಾಗಿ ಕಚ್ಚಬೇಕು. ಯಾಕೆ ಅಂತಲೂ ಒಂದು ಸಾಲು ಬರೆಯಿರಿ. 1895ರ ಮಾದರಿಯಲ್ಲಿ ತೋಟೆಗಳು ನಳಿಗೆ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಇರುವುದಿಲ್ಲ, ಹೊಟ್ಟೆಯ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇರುತ್ತವೆ. ಆದ್ದರಿಂದ ಒಂದರ ಮೊನೆ ಇನ್ನೊಂದರ ಕೇಪಿಗೆ ತಾಗುವ ಭಯ ಇಲ್ಲ, ಚೂಪು ಮೊನೆಯ ಗುಂಡೂ ನಡೆಯುತ್ತದೆ. ಆದರೆ ಈ ರೈಫಲ್ ಹೊಡೆದಾಗ ಹಿಂದಕ್ಕೆ ಒದೆಯುವುದು ಜಾಸ್ತಿ. ಪ್ರತಿ ಹೊಡೆತಕ್ಕೂ ಪೆಟ್ಟಿಗೆಯಲ್ಲಿ ಉಳಿದ ತೋಟೆಗಳ ಮೂತಿ ಮುಂದಿನ ಗೋಡೆಗೆ ಬಡಿಯುತ್ತದೆ. ಬಾಯಿ ಕಚ್ಚಿಸದಿದ್ದರೆ ಗುಂಡು ತೋಟೆಯೊಳಗೆ ಹಿಂದಕ್ಕೆ ಜಾರುತ್ತದೆ. ಒಳಗಿನ ಜಾಗ ಕಮ್ಮಿಯಾದರೆ ಒತ್ತಡ ಮತ್ತೆ ಏರುತ್ತದೆ.

ಶಿವಮೊಗ್ಗದಿಂದ:

‘ಕಚ್ಚಿಸು’ ಚೆನ್ನಾಗಿದೆ. ‘ತೋಟೆ’ಗೆ ನನ್ನ ವಿರೋಧ ಹಾಗೇ ಇದೆ.

ಬೆಂಗಳೂರಿನಿಂದ, ಕೇಳಿದವರು:

ಸಂಪಾದಕರು ಒಪ್ಪಿದರು. ‘ತೋಟೆ’ ಅಂತಲೇ ಅಚ್ಚಿಗೆ ಹೋಗುತ್ತಿದೆ. 400 ಗ್ರೇನ್ ಗುಂಡಿನ ಎಚ್ಚರಿಕೆ ಮೂಲದಲ್ಲಿ ಅಡಿಟಿಪ್ಪಣಿಯಲ್ಲಿತ್ತು. ಬರೆದವರನ್ನು ಕೇಳಿ ಅದನ್ನು ಮೇಲಿನ ಪ್ಯಾರಾಕ್ಕೇ ತಂದಿದ್ದೇನೆ.