ಬೂದಿ ಬಿದ್ದ ದೋಣಿ: 14 ದಿನದ ನಂತರದ ಅಳತೆಯಿಂದ ಒಟ್ಟು ವಿಕಿರಣ ಲೆಕ್ಕ ಹಾಕುವುದು ಹೇಗೆ?

ತೀರ್ಥಹಳ್ಳಿ_ಎಂಎಸ್ಸಿ:
ಶಂಕರಘಟ್ಟದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಸೆಮಿನಾರ್‌ಗೆ ಜಪಾನಿನ ಮೀನುಗಾರಿಕೆ ದೋಣಿ ದೈಗೊ ಫುಕುರ್ಯು ಮಾರು ವಿಷಯ ತೆಗೆದುಕೊಂಡಿದ್ದೇನೆ. 1954ರ ಮಾರ್ಚ್ 1ಕ್ಕೆ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತಲ್ಲ, ಆಗ ಈ ದೋಣಿ ಅಪಾಯ ವಲಯದ ಹೊರಗೇ ಇತ್ತು. ಆದರೂ ಕೆಲವೇ ಗಂಟೆಯಲ್ಲಿ ವಿಕಿರಣ ಸೂಸುವ ಹವಳದ ಬಿಳಿ ಬೂದಿ ಬಿತ್ತು. 23 ಜನ ಅದರಲ್ಲೇ ಇದ್ದು ಮಾರ್ಚ್ 14ಕ್ಕೆ ಯಾಯಿಜು ಬಂದರಿಗೆ ಬಂದರು. ವಿಕಿರಣ ಅಳೆಯುವ ಮೀಟರ್ ಹಿಡಿದದ್ದು ಆಮೇಲೆ. ಆ ರೀಡಿಂಗನ್ನು 14 ದಿನದ ಗಂಟೆಗಳಿಂದ ಗುಣಿಸಿದರೆ ಸಾಕಾ?

ಸಾಗರದ ಮೇಷ್ಟ್ರು:
ಬೇಡಪ್ಪ, ತೀರಾ ಕಡಿಮೆ ಬರುತ್ತದೆ. ಸ್ಫೋಟವಾಗಿ ಕಳೆದ ಸಮಯ ಏಳು ಪಟ್ಟಾದರೆ ವಿಕಿರಣದ ದರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 7 ಗಂಟೆ, 49 ಗಂಟೆ, 343 ಗಂಟೆ ಅಂತ ತೆಗೆದುಕೋ, ಕೊನೆಯದು ಹೆಚ್ಚುಕಡಿಮೆ ನಿನ್ನ 14 ದಿನ. ಬಂದರಿನಲ್ಲಿ ಗಂಟೆಗೆ 1 ಇದ್ದರೆ ಏಳನೇ ಗಂಟೆಯಲ್ಲಿ 100ರ ಆಸುಪಾಸು ಇತ್ತು. ಏಳನೇ ಗಂಟೆಯಿಂದ ಇಂಟಿಗ್ರೇಟ್ ಮಾಡು, ಅಂದರೆ ಇಳಿಯುತ್ತಾ ಹೋಗುವ ದರವನ್ನು ಗಂಟೆಗಂಟೆಗೂ ಕೂಡಿಸು, ಒಟ್ಟು ಸುಮಾರು 2000 ಬರುತ್ತದೆ. ನಿನ್ನ ಗುಣಾಕಾರದಲ್ಲಿ ಬರುವುದು 336. ಆರು ಪಟ್ಟು ವ್ಯತ್ಯಾಸ, ಅಲ್ವಾ?

ಎಕ್ಸ್‌ರೇ ಟೆಕ್ನಿಷಿಯನ್, ಶಿವಮೊಗ್ಗ:
ಮೇಷ್ಟ್ರ ಲೆಕ್ಕ ಸರಿ. ಆದರೆ ಅದು ಬೂದಿ ಬಿದ್ದಲ್ಲೇ ಇದ್ದರೆ ಮಾತ್ರ. ಅವರು ಡೆಕ್ ತೊಳೆದಿದ್ದರು. ಹಾಗಾಗಿ ಬಂದರಿನ ರೀಡಿಂಗ್‌ನಿಂದ ಹಿಂದಕ್ಕೆ ಹೋದರೆ ಮೊದಲ ದಿನದ್ದು ಇನ್ನೂ ಕಡಿಮೆ ಕಾಣುತ್ತದೆ. ಅಡಿಕೆಗೆ ಕೊಳೆ ಔಷಧಿ ಹೊಡೆದು ಬಂದವರ ಕೂದಲು, ಅಂಗಿಯಲ್ಲಿ ಔಷಧಿ ಉಳಿಯುವ ಹಾಗೆ ಬೂದಿ ಮೈಮೇಲೂ ಉಳಿದಿತ್ತು. ಚರ್ಮ ಸುಟ್ಟದ್ದು ಅದರ ಬೀಟಾ ಕಣಗಳಿಂದ. ಉಸಿರಿನಲ್ಲಿ ಹೋದ ವಿಕಿರಣಶೀಲ ಅಯೋಡಿನ್ ಥೈರಾಯ್ಡ್‌ಗೆ ಸೇರುತ್ತದೆ, ಅದರ ಲೆಕ್ಕ ಬೇರೆಯೇ ಹಾಕಬೇಕು.

ನಮಗಾದರೆ ಎದೆ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ಮೈಗೆ ಆಗಬಹುದಾದ ಹಾನಿ ಲೆಕ್ಕ ಹಾಕುವ ಅಳತೆ). ಆ ಮೀನುಗಾರರಿಗೆ ಏನೂ ಇರಲಿಲ್ಲ. ಅವರ ಮೈಗೆ ಬಿದ್ದದ್ದು ಸುಮಾರು 1.7ರಿಂದ 6 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ) ಅಂತ ಅಂದಾಜು. ಗಾಮಾ ಕಿರಣಕ್ಕೆ 1.7 ಗ್ರೇ ಅಂದರೆ 1700 ಮಿಲಿಸೀವರ್ಟ್! ರೇಡಿಯೋ ಆಪರೇಟರ್ ಕುಬೊಯಾಮಾ ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ತೀರಿಕೊಂಡರು. ಸೆಮಿನಾರ್‌ನಲ್ಲಿ ಅವರ ಹೆಸರು ಖಂಡಿತ ಹೇಳಿ.

ತೀರ್ಥಹಳ್ಳಿ_ಎಂಎಸ್ಸಿ:
ಹೇಳುತ್ತೇನೆ ಸರ್. ಒಂದೇ ದೋಣಿಯಲ್ಲಿ 1.7 ಎಲ್ಲಿ, 6 ಎಲ್ಲಿ? ಇಷ್ಟು ಅಂತರ ಯಾಕೆ?

ಸಾಗರದ ಮೇಷ್ಟ್ರು:
ಯಾರು ಎಲ್ಲಿ ಎಷ್ಟು ಹೊತ್ತು ಇದ್ದರು ಅನ್ನುವುದರ ಮೇಲೆ. ದೋಣಿಗೆಲ್ಲ ಒಂದೇ ಸಂಖ್ಯೆ ಹಾಕಬೇಡ. ಡೆಕ್, ಮಲಗುವ ಕೋಣೆ, ಎಂಜಿನ್ ಕೋಣೆ ಬೇರೆ ಬೇರೆ ಮಾಡು, ಪ್ರತಿಯೊಂದರ ದರಕ್ಕೆ ಅಲ್ಲಿ ಕಳೆದ ಗಂಟೆ ಹಾಕು, ಮೊದಲ ಎರಡು ದಿನಕ್ಕೆ ಜಾಸ್ತಿ ಗಮನ ಕೊಡು. ವಿಕಿರಣ ಹೆಚ್ಚು ಬಿದ್ದರೆ ರಕ್ತದ ಬಿಳಿ ಕಣ ಇಳಿಯುತ್ತದೆ, ಕೊನೆಗೆ ಅದು ಎಷ್ಟು ಇಳಿದಿತ್ತು ನೋಡು, ಅದಕ್ಕೆ ಹೊಂದದಿದ್ದರೆ ಮತ್ತೆ ಲೆಕ್ಕ ಹಾಕು.